ಲಡಾಖಿನ ಶ್ಯೋಕ್ ನದಿಯ ದಂಡೆಯಲ್ಲಿರುವ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಆರಿದ್ರಾ ಮಳೆ ಹಿಡಿದಿದೆ, ಸಸಿಮಡಿ ಹಾಕಿಯಾಗಿದೆ, ನಿನ್ನ ಅಮ್ಮನ ಮೊಣಕಾಲು ನೋವು ಸ್ವಲ್ಪ ಇಳಿದಿದೆ. ಪೋಸ್ಟಿನ ಹೆಸರನ್ನು ನೀನು ಫೋನಿನಲ್ಲಿ ಹೇಳಲಿಲ್ಲ, ಒಳ್ಳೆಯದನ್ನೇ ಮಾಡಿದೆ. ಆದರೆ ಹೇಳಿದ ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸಿತು. "ತುರ್ತುಕ್ ಕಡೆಯ ಜನ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ ಮಾವ, ಇವರಿಗಾಗಿಯೇ ಅಲ್ಲವೇ ನಾವು ಈ ಚಳಿಯಲ್ಲಿ ಸಾಯುವುದು" ಎಂದೆ.

ಗಡಿಯಂಚಿನ ಆ ತುರ್ತುಕ್ ಊರಿನ ದಾರಿಯ ಚೆಕ್‌ಪೋಸ್ಟಿನಲ್ಲೇ ಸೇನೆಯಲ್ಲಿದ್ದಾಗ ನಾನೂ ನಿಂತಿದ್ದವನು. ಆಗ ಹೊರಗಿನವರು ಎಂದರೆ ನಾವು ಮಾತ್ರ. ಪ್ರವಾಸಿಗರಿಗೆ ಆ ಊರು ತೆರೆದದ್ದು 2010ರಲ್ಲಿ. ಒಂದು ಆಗಸ್ಟ್ ಬೆಳಿಗ್ಗೆ ಒಬ್ಬ ಮುದುಕ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಏಳೆಂಟು ವರ್ಷದ ಮೊಮ್ಮಗಳ ಕೈ ಹಿಡಿದು ಬಂದ. ಬುಟ್ಟಿಯ ತುಂಬ ಏಪ್ರಿಕಾಟ್, ಅವರ ಮಾತಿನಲ್ಲಿ ಚುಲಿ. ದಿನವೂ ನೋಡುತ್ತಿದ್ದ ಮುಖ. ಹಿಂದಿನ ರಾತ್ರಿ ನನಗೆ ನಿದ್ದೆಯಿರಲಿಲ್ಲ, ಮನೆಯಿಂದ ಬಂದ ಕಾಗದವೂ ಚೆನ್ನಾಗಿರಲಿಲ್ಲ. ಬುಟ್ಟಿ ಸುರಿ ಎಂದೆ. ಅವನು ಒಂದು ಕ್ಷಣ ನನ್ನನ್ನು ನೋಡಿ, ಬಗ್ಗಿ ಸುರಿದ. ಮಾಗಿದ ಹಣ್ಣುಗಳು ಧೂಳಿನಲ್ಲಿ ಉರುಳಿದವು, ಕೆಲವು ಒಡೆದು ಅಂಟಾದವು. ಏನೂ ಸಿಗಲಿಲ್ಲ, ಸಿಗುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಆ ಮಗು ಒಂದೊಂದೇ ಹಣ್ಣನ್ನು ಫ್ರಾಕಿಗೆ ಒರೆಸಿ ಬುಟ್ಟಿಗೆ ಹಾಕತೊಡಗಿತು. ಹೊರಡುವ ಮುನ್ನ ಮುದುಕ ಒಡೆಯದ ಎರಡು ಹಣ್ಣು ಆರಿಸಿ ನನ್ನ ಅಂಗೈಯಲ್ಲಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮಗು ಮಾತ್ರ ಆಮೇಲೆ ಒಂದು ದಿನವೂ ನನ್ನ ಕಡೆ ತಲೆಯೆತ್ತಲಿಲ್ಲ.

ಇಂದು ನಿನ್ನನ್ನು ಕಂಡು ಮುಖ ತಿರುಗಿಸುವವರಲ್ಲಿ ಅವಳೂ ಇರಬಹುದು. ನಿನ್ನ ತಪ್ಪಲ್ಲ, ನಾನು ಮಾಡಿಟ್ಟು ಬಂದದ್ದು.

ತಪಾಸಣೆ ಬೇಡ ಎನ್ನುತ್ತಿಲ್ಲ, ಅದು ನಿನ್ನ ಕರ್ತವ್ಯ. ಆದರೆ ಮೊದಲು ಸಲಾಂ ಹೇಳು, ಆಮೇಲೆ ಗುರುತಿನ ಚೀಟಿ ಕೇಳು. ಹೊರೆ ಇಳಿಸುವಾಗ ಒಂದು ಕೈ ಕೊಡು, ತಿರುಗಿ ಏರಿಸುವಾಗಲೂ ಕೊಡು. ತಂದೆಯನ್ನು ಮಕ್ಕಳ ಎದುರಿಗೆ ಗದರಬೇಡ. ಅವನು ತನ್ನ ಹೊಲಕ್ಕೆ ಹೋಗುತ್ತಿರುವವನು, ಎರಡು ವರ್ಷಕ್ಕೆಂದು ಬಂದವನು ನೀನು.

ಆ ಊರಿನವರ ಮೇಲೆ ಏನು ಕಳೆದಿದೆ ಎಂಬುದೂ ತಿಳಿದಿರಲಿ. ಚಾಲುಂಕಾ, ತುರ್ತುಕ್, ತ್ಯಾಕ್ಷಿ, ಥಾಂಗ್ ಈ ನಾಲ್ಕು ಊರುಗಳು ಪಾಕಿಸ್ತಾನದ ಹಿಡಿತದಿಂದ ನಮ್ಮ ಕಡೆ ಬಂದದ್ದು 1971ರ ಡಿಸೆಂಬರ್ ಯುದ್ಧದಲ್ಲಿ, ಮೇಜರ್ ಚೆವಾಂಗ್ ರಿಂಚೆನ್ ಅವರು ಲಡಾಖ್ ಸ್ಕೌಟ್ಸ್ ಜವಾನರೊಂದಿಗೆ ಮುನ್ನುಗ್ಗಿದಾಗ. ಆಗ ಸ್ಕರ್ದುವಿಗೋ ಲಾಹೋರಿಗೋ ಓದಲು, ದುಡಿಯಲು ಹೋಗಿದ್ದ ಗಂಡ, ಮಗ, ಅಣ್ಣ ಗಡಿಯ ಆಚೆಯೇ ಉಳಿದುಬಿಟ್ಟರು. ಆದ್ದರಿಂದ ಯಾರಾದರೂ "ನನ್ನ ಚಿಕ್ಕಪ್ಪ ಪಾಕಿಸ್ತಾನದಲ್ಲಿದ್ದಾನೆ" ಎಂದರೆ ಹುಬ್ಬೇರಿಸಬೇಡ. ಅದು ಆ ಮನೆಯ ದುಃಖ, ಅಪರಾಧವಲ್ಲ. ಕಾಗದ ತಲುಪಿಸುತ್ತೇನೆ, ಭೇಟಿ ಮಾಡಿಸುತ್ತೇನೆ ಎಂದು ಕೈಲಾಗದ ಭರವಸೆಯನ್ನೂ ಕೊಡಬೇಡ. ಕುಳಿತು ಕೇಳು, ಸಾಕು.

ಜನರನ್ನು ಒಲಿಸಿಕೊಂಡರೆ ಸುದ್ದಿ ಸಿಗುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ಸುಳ್ಳಲ್ಲ, 1999ರ ಮೇ ತಿಂಗಳಲ್ಲಿ ಕಾರ್ಗಿಲ್‌ನ ಬಟಾಲಿಕ್ ಕಡೆ ನುಸುಳುಕೋರರನ್ನು ಕಂಡು ಸೇನೆಗೆ ತಿಳಿಸಿದವರು ಕಳೆದುಹೋದ ಯಾಕ್ ಹುಡುಕಿಕೊಂಡು ಹೋಗಿದ್ದ ಗರ್ಕೋನ್ ಹಳ್ಳಿಯ ಕುರಿಗಾಹಿ ತಾಶಿ ನಮ್‌ಗ್ಯಾಲ್. ಆದರೂ ಆ ಲೆಕ್ಕಾಚಾರ ನನಗೆ ಸೇರುವುದಿಲ್ಲ. ಸುದ್ದಿಗಾಗಿ ನಗುವವನ ನಗು ಹಳ್ಳಿಯವರಿಗೆ ಎರಡೇ ದಿನಕ್ಕೆ ಗೊತ್ತಾಗುತ್ತದೆ.

2016ರಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಉಸಿರು ಹಿಡಿದಿದ್ದ ಬೆಟದೂರಿನ ಹನುಮಂತಪ್ಪ ಕೊಪ್ಪದರ ಹೆಸರು ನಮ್ಮಲ್ಲಿ ಮನೆಮನೆಗೆ ಗೊತ್ತು. ನೀನಿರುವ ನುಬ್ರಾದ ಹುಡುಗರು ಅದೇ ಹಿಮದ ಮೇಲೆ ಸೀಮೆಎಣ್ಣೆ, ರೇಷನ್ ಹೊತ್ತು ಪೋರ್ಟರ್‌ಗಳಾಗಿ ಏರುತ್ತಾರೆ. ಅವರಲ್ಲೂ ಜೀವ ಕಳೆದುಕೊಂಡವರಿದ್ದಾರೆ. ಜೊತೆಯಲ್ಲಿ ದುಡಿಯುವವರನ್ನು "ಏ ಪೋರ್ಟರ್" ಎಂದು ಕರೆಯಬೇಡ, ಹೆಸರು ಕೇಳಿ ನೆನಪಿಟ್ಟುಕೊ.

ಇನ್ನೊಂದು ಮಾತು, ನೀರಿನದು. ಮನೆಗಳ ನಡುವೆ ಹರಿಯುವ ಕಾಲುವೆಯನ್ನು ಚರಂಡಿ ಎಂದುಕೊಂಡು ಗಾಡಿ ತೊಳೆಯುವವರನ್ನು, ಸೋಪು ಹಚ್ಚಿ ಬಟ್ಟೆ ಹಿಂಡುವವರನ್ನು ನೋಡಿದ್ದೇನೆ. ಹಿಮ ಕರಗಿ ಬರುವ ಆ ನೀರಿಗೆ ಊರಿನಲ್ಲಿ ಸರದಿಯಿದೆ, ಅದರಲ್ಲೇ ಬಾರ್ಲಿಯೂ ಹುರುಳಿಗೋಧಿಯೂ ಬೆಳೆಯಬೇಕು. ನಮ್ಮ ಗದ್ದೆಯ ತೂಬಿಗೆ ಯಾರಾದರೂ ಡೀಸೆಲ್ ಸುರಿದರೆ ನಿನ್ನ ಅಪ್ಪ ಸುಮ್ಮನಿರುತ್ತಿದ್ದನೇ? ಬೇಲಿಯಿಂದ ಹೊರಕ್ಕೆ ಬಾಗಿದ ಕೊಂಬೆಗೂ ಒಡೆಯರಿದ್ದಾರೆ, ಕೇಳದೆ ಹಣ್ಣು ಕೀಳಬೇಡ. ಕೇಳಿದರೆ ಅವರೇ ಟೋಪಿಯ ತುಂಬ ಕೊಡುತ್ತಾರೆ. ಹೆಂಗಸರ ಫೋಟೊ ತೆಗೆಯಬೇಡ. ಚಹಾಕ್ಕೆ ಕರೆದರೆ, ಡ್ಯೂಟಿಯಿಲ್ಲದಿದ್ದರೆ, ಹೋಗು. ಉಪ್ಪುಚಹಾ ಮೊದಲ ಸಲ ಗಂಟಲಲ್ಲಿ ಇಳಿಯುವುದಿಲ್ಲ, ಆದರೂ ಬಟ್ಟಲಲ್ಲಿ ಬಿಡಬೇಡ.

ಇನ್ನು ತಿಂಗಳೊಪ್ಪತ್ತಿನಲ್ಲಿ ಅಲ್ಲಿ ಚುಲಿ ಹಣ್ಣಾಗುತ್ತದೆ. ಮುದುಕ ಈಗ ಇರಲಾರ. ಆ ಮಗುವಿಗೂ ನಲವತ್ತರ ಹತ್ತಿರವಾಗಿರಬೇಕು. ಯಾರೆಂದು ನಿನಗೆ ತಿಳಿಯುವುದಿಲ್ಲ, ಹುಡುಕಲೂ ಬೇಡ. ರಸ್ತೆಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಯಾವ ಹೆಂಗಸಾದರೂ ಸರಿ, ಎರಡು ಕಿಲೋ ಕೊಂಡುಕೊ. ಹೇಳಿದಷ್ಟು ಬೆಲೆ ಕೊಡು. ಒಣಗಿಸಿದ್ದು ಸಿಕ್ಕರೆ ರಜೆಗೆ ಬರುವಾಗ ನನಗೂ ಸ್ವಲ್ಪ ತಾ.

ನಿನ್ನ ಮಾವ