ಕಪನೂರದ ಲೇತ್ ಕಾಕಾನಿಗೆ ಶರಣು

ಪ್ರಾಡಕ್ಟ್ ಡಿಸೈನ್ ಪದವಿಯ ಕೊನೆಯ ಜೂರಿ, ಅಂದರೆ ಪರೀಕ್ಷಕರ ಮುಂದೆ ಪ್ರಾಜೆಕ್ಟ್ ಒಪ್ಪಿಸುವುದು, ಮುಗಿಯಿತು, ಮೂವರೂ ಪಾಸಾದೆವು. ಅದಕ್ಕಾಗಿ ನಾವು ಮಾಡಿದ, ಬ್ಯಾಟರಿಯಿಂದ ಬ್ಲೇಡು ತಿರುಗಿಸಿ ತೊಗರಿ ಕುಡಿ ಕತ್ತರಿಸುವ ಕೈಯಂತ್ರದ ಹಿಂದುಮುಂದು ಗೆಳೆಯರಿಗೆಲ್ಲ ಬಾಯಿಪಾಠ. ಅದನ್ನು ಮತ್ತೆ ಹೇಳುವುದಿಲ್ಲ.

ಬಿತ್ತಿದ 45–50 ದಿನಕ್ಕೆ ಕುಡಿ ಚಿವುಟುವಾಗ ನಮ್ಮನ್ನೂ ಸಾಲಿನಲ್ಲಿ ನಿಲ್ಲಿಸಿಕೊಂಡು, "ಬ್ಯಾಟರಿ ಹೆಗಲಿಗೆ ಬ್ಯಾಡ, ಸೊಂಟಕ್ಕ ಕಟ್ರಿ, ಸೀರಿ ಮ್ಯಾಲಿನ ಅಂಗಿ ಜಾರ್ತದ" ಎಂದ ಜೇವರ್ಗಿ ಕಡೆಯ ಅಕ್ಕಂದಿರಿಗೆ, ಸ್ಪ್ರೇ ಪಂಪಿನ 12 ವೋಲ್ಟ್ ಬ್ಯಾಟರಿ ಬಿಚ್ಚಿಕೊಟ್ಟ ಮಾಮಾನಿಗೆ, ಡ್ರಾಯಿಂಗ್ ತಿದ್ದಿದ ಗೈಡ್ ಮೇಡಂಗೆ, ರೊಟ್ಟಿ ಕಟ್ಟಿ ಕಳಿಸಿದ ಅವ್ವಂದಿರಿಗೆ ಶರಣು. ಇನ್ನುಳಿದದ್ದೆಲ್ಲ ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ನಡೆಸುವ ಕಾಕಾನ ಪಾಲು.

ನಾಲ್ಕು ವರ್ಷ ಕ್ಲಾಸಿನಲ್ಲಿ ಕಲಿಸಿದ್ದು ಕಡಿಮೆಯೇನಿಲ್ಲ. ಥರ್ಮಾಕೋಲ್ ಕೊರೆದು ಹಿಡಿಕೆಯ ಹತ್ತು ಆಕಾರ ಮಾಡಿ, ಬಳಸುವವರ ಕೈಗೇ ಕೊಟ್ಟು ನೋಡಬೇಕು. ಬಳೆ ತೊಟ್ಟ ಕೈಯ ಮುಷ್ಟಿಗೆ 40 ಮಿ.ಮೀ. ದಪ್ಪವೆನಿಸಿದರೆ 34ಕ್ಕೆ ಇಳಿಸಬೇಕು. ಅಚ್ಚಿನಿಂದ ಪ್ಲಾಸ್ಟಿಕ್ ಸಲೀಸಾಗಿ ಕಳಚಲು ಗೋಡೆಗೆ 1–2 ಡಿಗ್ರಿ ಓರೆ ಬೇಕು, ದಪ್ಪ ಎಲ್ಲ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ದಪ್ಪನೆಯ ಜಾಗ ತಡವಾಗಿ ಆರಿ ಗುಳಿ ಬೀಳುತ್ತದೆ. ಇದೆಲ್ಲ ನಿಜ. ಆದರೆ ಕಂಪ್ಯೂಟರಿನಲ್ಲಿ ಬರೆದ 5 ಮಿ.ಮೀ. ತೂತು 5 ಮಿ.ಮೀ. ಇರುತ್ತದೆ. ಡ್ರಿಲ್ ಬಿಟ್‌ನಿಂದ ಕೊರೆದದ್ದು ಹಾಗಿರುವುದಿಲ್ಲ.

ಜೂರಿಗೆ ಎರಡು ದಿನವಿದ್ದಾಗ ಥ್ರೀಡಿ ಪ್ರಿಂಟ್ ಹಿಡಿಕೆ ಸೊಟ್ಟಗಾಯಿತು. ಅದಕ್ಕೆ ಬಳಸಿದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ನಮ್ಮೂರ ಬೇಸಿಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಆ ಕಾವು ಏರುವುದು ದೊಡ್ಡ ಮಾತಲ್ಲ. ಮೋಟಾರಿನ ಕೂರಿಕೆಯೂ ಅದರದ್ದೇ ಆದ್ದರಿಂದ ಅದೂ ಸಡಿಲಾಗಿ, ಬ್ಲೇಡು ಗಾರ್ಡಿಗೆ ಬಡಿಯಿತು, ಮೋಟಾರ್ ಶಾಫ್ಟಿಗೆ ಬ್ಲೇಡು ಜೋಡಿಸುವ ಕಪ್ಲಿಂಗ್ ಜಾರಿತು.

ಷಟರ್ ಎಳೆಯುತ್ತಿದ್ದ ಕಾಕಾ ಮತ್ತೆ ದೀಪ ಹಾಕಿದರು. ಮೊದಲು ನೋಡಿದ್ದು ಕಪ್ಲಿಂಗ್. ನಾವು ನೇರ 5ರ ಬಿಟ್ ಹಾಕಿದ್ದರಿಂದ ತೂತು ಹಿಗ್ಗಿತ್ತು. ಓಲಾಟ ಅಳೆಯುವ ಡಯಲ್ ಗೇಜ್ ಮುಳ್ಳು 15 ಗೆರೆ ಓಡಿತು, ಅಂದರೆ 0.15 ಮಿ.ಮೀ. ಓಲಾಟ. ಬ್ಲೇಡ್ ಜೋರಾಗಿ ತಿರುಗುವಾಗ ಅಷ್ಟೇ ಸಾಕು, ಕೈ ಜುಮ್ಮೆನ್ನುತ್ತದೆ. ಅವರು ಹೊಸ ಅಲ್ಯೂಮಿನಿಯಂ ತುಂಡಿಗೆ 4.8ರ ಬಿಟ್ ಬಿಟ್ಟು, ಸೀಮೆಎಣ್ಣೆ ಹನಿಸುತ್ತ, ತೂತನ್ನು ನಿಖರ ಅಳತೆಗೆ ತರುವ 5ರ ರೀಮರ್ ನಿಧಾನ ಇಳಿಸಿದರು. ಮುಳ್ಳು ಎರಡೇ ಗೆರೆ ಅಲುಗಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಕಾಕಾ ಕತ್ತಲಲ್ಲೇ ಟೂಲ್ ಹಿಂದಕ್ಕೆ ಸರಿಸಿ ಸ್ವಿಚ್ ಆರಿಸಿದರು. "ಕರೆಂಟ್ ಬಂದ್ರ ಮಷೀನ್ ನಿಮ್ಮನ್ನ ಕೇಳಂಗಿಲ್ಲ, ತಾನೇ ತಿರಗ್ತದ."

ಯಂತ್ರವನ್ನು ಕಾರಿನಲ್ಲಿ ಬಿಟ್ಟವರು ಯಾರು ಎಂಬ ಮಾತು ಮೂವರ ನಾಲಿಗೆ ತುದಿಯಲ್ಲೂ ಇತ್ತು. ಯಾರೂ ಆಡಲಿಲ್ಲ. ಒಬ್ಬಳು ಅಳುತ್ತಿದ್ದಳು. ಕಾಕಾ ಏನೂ ಕೇಳದೆ ಅವಳ ಕೈಗೆ ಅರ ಕೊಟ್ಟು, ಮೊಬೈಲ್ ಬೆಳಕು ಹಿಡಿದು, ಮೋಟಾರ್ ಶಾಫ್ಟಿನ ಒಂದು ಮಗ್ಗುಲು ಚಪ್ಪಟೆ ಮಾಡಲು ಹೇಳಿದರು. ದುಂಡು ಶಾಫ್ಟಿನ ಮೇಲೆ ಕಪ್ಲಿಂಗಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ತಿರುಪು) ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಚಪ್ಪಟೆ ಜಾಗ ಸಿಕ್ಕರೆ ಕಚ್ಚಿ ಕೂರುತ್ತದೆ. ಉಜ್ಜುವ ಮುನ್ನ ಮೋಟಾರಿನ ಸಂದಿಗಳಿಗೆ ಬಟ್ಟೆ ಸುತ್ತಿಸಿದರು. ಕಬ್ಬಿಣದ ಪುಡಿ ಒಳಗಿನ ಅಯಸ್ಕಾಂತಕ್ಕೆ ಅಂಟಿದರೆ ತೆಗೆಯುವುದು ಯಾರಿಂದಲೂ ಆಗದು. ಉಜ್ಜಿ ಮುಗಿಸುವ ಹೊತ್ತಿಗೆ ಅಳು ನಿಂತಿತ್ತು.

ಕರೆಂಟ್ ಬಂದ ಮೇಲೆ ಕಾಕಾ ಹೊಸ ಹಿಡಿಕೆಗೆ ಹಳೆ ಕುಂಟೆಯ ಜಾಲಿ ದಿಂಡು ತಂದರು. ಹಸಿ ಕಟ್ಟಿಗೆ ಕಡೆದರೆ ಆರಿದಂತೆ ಸೀಳುತ್ತದೆ. ಇದು ವರ್ಷಗಟ್ಟಲೆ ಒಣಗಿದ್ದು. ಮೊದಲು 19 ಮಿ.ಮೀ. ತೂತು, ಆಮೇಲೆ ಅದೇ ತೂತಿಗೆ ಸಲಾಕೆ ತೂರಿಸಿ ಹೊರಮೈ 34ಕ್ಕೆ. ಮೊದಲೇ ಹೊರಮೈ ಕಡೆದಿದ್ದರೆ ತೂತು ಒಂದು ಬದಿಗೆ ವಾಲುತ್ತಿತ್ತು. ಕಟ್ಟಿಗೆ ಪುಡಿ ಲೇತಿನ ಬೆಡ್ಡಿನ ಎಣ್ಣೆ ಹೀರಿ ತುಕ್ಕು ತರುತ್ತದೆಂದು ಪೇಪರ್ ಹಾಸಿ, ಮುಗಿದ ಮೇಲೆ ಎರಡು ಸಲ ಒರೆಸಿದರು. ನಮಗೆ ಬೈದದ್ದು ಆಗ ಮಾತ್ರ.

ತಂತಿಯನ್ನೂ ಅವರೇ ಬದಲಿಸಿದರು. ಬ್ಯಾಟರಿಯಿಂದ ಮೋಟಾರಿಗೆ ಹೋಗಿಬರುವ 4 ಮೀಟರಿಗೆ 0.5 ಚದರ ಮಿ.ಮೀ. ತಂತಿ ಹಾಕಿದ್ದೆವು. 6 ಆಂಪಿಯರ್ ಹರಿದರೆ ಸುಮಾರು 0.8 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 1.5ರ ತಂತಿಯಲ್ಲಿ 0.3 ಮಾತ್ರ.

ಬೆಳಗಿನ ಜಾವ ಲೆಕ್ಕ ಬರೆದರು. ಕಪ್ಲಿಂಗಿಗೆ ಹಗಲಿನದ್ದೇ ದರ. ಹಿಡಿಕೆಗೆ ಏನೂ ಇಲ್ಲ, "ಕಟ್ಟಿಗಿ ಕೆಲಸ ನಂದಲ್ಲ" ಎಂದರು. ಅದೇ ಬೆಳಿಗ್ಗೆ ಒಂದು ದಾಲ್ ಮಿಲ್ಲಿನ ಶಾಫ್ಟ್ ಅವರಿಗಾಗಿ ಕಾದಿತ್ತು.

ಕಾಕಾ, ಜೂರಿಯವರು ಮೊದಲು ಮುಟ್ಟಿ ನೋಡಿದ್ದು ಆ ಹಿಡಿಕೆಯನ್ನೇ. ಮತ್ತೆ ನಿಮ್ಮ 5ರ ರೀಮರ್ ಗಡಿಬಿಡಿಯಲ್ಲಿ ನಮ್ಮ ಬ್ಯಾಗಿಗೆ ಬಂದಿದೆ. ಸೋಮವಾರ ತಂದುಕೊಡುತ್ತೇವೆ, ಬೈಯಬ್ಯಾಡ್ರಿ.