ಶನಿವಾರದ ಭೇಟಿಯನ್ನು ಕಡೆಗಣಿಸಬೇಡ

ಚಿರಂಜೀವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ನಾಲ್ಕು ಪುಟಗಳಲ್ಲಿ ಮೂರೂವರೆ ಪುಟ ನಿನ್ನಿಂದ ಬೇರೆಯಾದ ಹೆಂಡತಿಯ ಮೇಲಿನ ದೂರು, ಮಗಳ ಬಗ್ಗೆ ಕೊನೆಯಲ್ಲಿ ಎರಡು ಸಾಲು. ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ಕೌಟುಂಬಿಕ ನ್ಯಾಯಾಲಯಗಳಲ್ಲಿ ದುಭಾಷಿಯಾಗಿ ಕುಳಿತವಳು ನಾನು. ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಮೊದಲು ವೀಸಾ ವಿಷಯ. ಸಂಗಾತಿಯ ವೀಸಾದ ಮೇಲೆ ಬ್ರಿಟನ್ನಿಗೆ ಹೋದವನು ನೀನು. ಸಂಬಂಧ ಮುರಿದ ಮೇಲೆ ಅದಕ್ಕೆ ಬುಡವಿಲ್ಲ. ವೀಸಾ ನೋಡಿಕೊಳ್ಳುವ ಅಲ್ಲಿನ ಗೃಹ ಇಲಾಖೆ ಹೋಂ ಆಫೀಸಿಗೆ ತಿಳಿಸದೆ ದಿನ ದೂಡು ಎನ್ನುವ ಗೆಳೆಯರನ್ನು ದೂರವಿಡು. ಗೊತ್ತಾದ ಮೇಲೆ ಅವರು ಅವಧಿಯನ್ನು ಮೊಟಕುಗೊಳಿಸಿದರೆ ಸಾಮಾನ್ಯವಾಗಿ ಕೈಗೆ ಸಿಗುವುದು 60 ದಿನ. ನಿನ್ನ ಮಗಳೂ ಅವಳ ತಾಯಿಯೂ ಬ್ರಿಟಿಷ್ ಪ್ರಜೆಗಳಾದ್ದರಿಂದ ಮಗುವಿನ ಪೋಷಕನಾಗಿ ಅರ್ಜಿ ಹಾಕುವ ದಾರಿ ನಿನಗಿದೆ. ಇರುವ ವೀಸಾ ಮುಗಿಯುವುದರೊಳಗೆ ಹಾಕಿದರೆ ತೀರ್ಮಾನ ಬರುವ ತನಕ ಈಗಿನ ಹಕ್ಕುಗಳು ಮುಂದುವರಿಯುತ್ತವೆ. ಸಂಗಾತಿಯ ವೀಸಾಕ್ಕೆ ಕೇಳುವ 29,000 ಪೌಂಡ್ ಆದಾಯದ ಮಿತಿ ಇಲ್ಲಿಲ್ಲ, ಸರ್ಕಾರದ ನೆರವಿಗೆ ಕೈಚಾಚದೆ ಬದುಕಬಲ್ಲೆ ಎಂದು ತೋರಿಸಬೇಕು. ಮಂಜೂರಾದರೆ 30 ತಿಂಗಳು ಸಿಗುತ್ತದೆ, ಆಮೇಲೆ ಮುಂದುವರಿಸಿಕೊಳ್ಳಬಹುದು.

ಆದರೆ ನಿಯಮ ಕೇಳುವ ಮುಖ್ಯ ಸಂಗತಿ ಬೇರೆ. ಮಗುವನ್ನು ನೀನು ಮುಖತಃ ಭೇಟಿಯಾಗುತ್ತಿರಬೇಕು, ಅದರ ಪಾಲನೆಯಲ್ಲಿ ನಿಜವಾಗಿ ಕೈಜೋಡಿಸುತ್ತಿರಬೇಕು. ಬರೀ ವಾಟ್ಸ್ಆ್ಯಪ್ ವೀಡಿಯೊ ಕರೆ ಸಾಲದು. ಈ ಭೇಟಿಗೆ ತಾಯಿಯ ಒಪ್ಪಿಗೆಯಾದರೂ ಇರಬೇಕು, ನ್ಯಾಯಾಲಯದ ಆದೇಶವಾದರೂ ಇರಬೇಕು. ಅವಳು ಪ್ರತಿ ಶನಿವಾರ ಮಗಳನ್ನು ಕಳುಹಿಸುತ್ತಿದ್ದಾಳೆಂದು ನೀನೇ ಬರೆದಿದ್ದೀಯ, ಅದೂ ದೂರಿನ ನಡುವೆ ಬಾಯಿತಪ್ಪಿ ಬಂದಂತೆ. ಅವಳು ಬರೆದುಕೊಡಬಹುದಾದ ಒಂದು ಪುಟ ನಿನ್ನ ಅರ್ಜಿಗೆ ಎಷ್ಟು ಬೆಲೆಬಾಳುತ್ತದೆ ಗೊತ್ತೇ? ಅಂಥವಳ ಮೇಲೆ ನೀನು ಕಡತ ಕಟ್ಟುತ್ತಿದ್ದೀಯ!

ಕಡತ ಎಂದಾಗ ನೆನಪಾಯಿತು. ಒಬ್ಬ ತಂದೆ, ಯಾರೆಂದು ಹೇಳಲಾರೆ, ಹೆಂಡತಿಯ ತಪ್ಪುಗಳನ್ನು ದಿನಾಂಕದ ಸಮೇತ ಬರೆದು ತಂದಿದ್ದ. ನ್ಯಾಯಾಧೀಶೆ ಅದನ್ನು ಪಕ್ಕಕ್ಕಿಟ್ಟು, ಮಗನಿಗೆ ಶಾಲೆಯಲ್ಲಿ ಪಿ.ಇ., ಅಂದರೆ ದೈಹಿಕ ಶಿಕ್ಷಣದ ತರಗತಿ, ಯಾವ ದಿನ ಎಂದು ಕೇಳಿದರು. ಆ ದಿನ ಮಗು ಆಟದ ಬಟ್ಟೆಯಲ್ಲಿ ಹೋಗಬೇಕು, ಜೊತೆಯಲ್ಲಿರುವವರಿಗೆ ಇದು ತಿಳಿದೇ ಇರುತ್ತದೆ. ಅವನು ನನ್ನ ಮುಖ ನೋಡಿದ, ನಾನು ಹೇಳಿಕೊಡಲು ಬರುತ್ತದೆಯೇ?

ಶಾಲೆಯ ಪ್ರಗತಿಪತ್ರ ನಿನಗೂ ಬರಲಿ ಎಂದು ಕೇಳು. ಮದುವೆಯಾದ ತಂದೆಯಾದ್ದರಿಂದ ಕಾನೂನಿನಲ್ಲಿ ಪೋಷಕನ ಹೊಣೆ ನಿನಗೆ ತಾನಾಗಿಯೇ ಇದೆ, ವಿಚ್ಛೇದನದಿಂದ ಅದು ಹೋಗುವುದಿಲ್ಲ. ಪೋಷಕರ ಸಭೆಗೆ ಹೋಗು, ಲಸಿಕೆಯ ದಿನ ನೀನೇ ಕರೆದುಕೊಂಡು ಹೋಗು. ಆ ಕಾಗದಗಳೇ ನಾಳೆ ಸಾಕ್ಷಿಯಾಗುತ್ತವೆ, ಆದರೆ ಸಾಕ್ಷಿಗಾಗಿ ಹೋದೆಯೋ ಮಗಳಿಗಾಗಿ ಹೋದೆಯೋ ಎಂಬುದು ಏಳು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಭೇಟಿಗೂ ಮಗಳ ಖರ್ಚಿಗೆ ಕೊಡುವ ಹಣಕ್ಕೂ ಗಂಟು ಹಾಕಬೇಡ. ಒಂದು ಶನಿವಾರ ತಪ್ಪಿತೆಂದು ಆ ತಿಂಗಳ ಹಣ ನಿಲ್ಲಿಸುವುದು ಶುದ್ಧ ಮೂರ್ಖತನ.

ಮಾತುಕತೆ ಮುರಿದುಬಿದ್ದರೆ ಮಾತ್ರ ನ್ಯಾಯಾಲಯ. ಅದಕ್ಕೂ ಮೊದಲು ಸಾಮಾನ್ಯವಾಗಿ ಮಧ್ಯಸ್ಥಿಕೆಯ ಸಭೆಗೆ ಹೋಗಬೇಕು, ಆಮೇಲೆ ಮಗುವಿನ ಭೇಟಿಯ ಬಗ್ಗೆ ಆದೇಶ ಕೇಳುವ ಸಿ100 ಅರ್ಜಿ. ಮಕ್ಕಳ ಹಿತದ ಬಗ್ಗೆ ನ್ಯಾಯಾಲಯಕ್ಕೆ ಸಲಹೆ ಕೊಡುವ ಸಂಸ್ಥೆಯಾದ ಕ್ಯಾಫ್‌ಕ್ಯಾಸ್‌ನವರು ಪೊಲೀಸರಲ್ಲಿ, ಸ್ಥಳೀಯ ಆಡಳಿತದಲ್ಲಿ ಇಬ್ಬರ ಬಗ್ಗೆಯೂ ವಿಚಾರಿಸುತ್ತಾರೆ. ಅವರು ಫೋನ್ ಮಾಡಿದಾಗ ಮಗಳ ಬಗ್ಗೆ ಮಾತನಾಡು.

ಇನ್ನೊಂದು ವಿಷಯ ಖಾರವಾಗಿಯೇ ಹೇಳಬೇಕು. ರಜೆಗೆಂದು ಮಗುವನ್ನು ಮೈಸೂರಿಗೆ ಕರೆತಂದು ಇಲ್ಲೇ ಶಾಲೆಗೆ ಸೇರಿಸಿಬಿಡು ಎಂದು ನಿನ್ನಮ್ಮ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ತಾಯಿಯ ಒಪ್ಪಿಗೆಯಾಗಲಿ ನ್ಯಾಯಾಲಯದ ಅನುಮತಿಯಾಗಲಿ ಇಲ್ಲದೆ ಹೊರಟರೆ ಅದು ಬ್ರಿಟನ್ನಿನ 1984ರ ಕಾಯ್ದೆಯಡಿ ಮಕ್ಕಳ ಅಪಹರಣ. ತಂದೆಯಾದರೂ ಅಪರಾಧವೇ. ಅಪಹೃತ ಮಕ್ಕಳನ್ನು ಹಿಂದಿರುಗಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಭಾರತದ ಪ್ರಯಾಣವೆಂದರೆ ಅಲ್ಲಿನ ನ್ಯಾಯಾಧೀಶರು ಮೊದಲೇ ಹುಷಾರಾಗಿರುತ್ತಾರೆ. ಆ ಸಂಶಯ ಒಮ್ಮೆ ಹುಟ್ಟಿದರೆ ಮಗಳ ಪಾಸ್‌ಪೋರ್ಟ್ ಬೇರೆಯವರ ವಶಕ್ಕೆ ಹೋಗಬಹುದು, ನಿನ್ನ ಶನಿವಾರಗಳು ಭೇಟಿ ಕೇಂದ್ರಕ್ಕೆ ಹೋಗಬಹುದು. ಎಲ್ಲರೂ ಆಡಿ ಬಿಟ್ಟ ಆಟಿಕೆಗಳು, ಪ್ಲಾಸ್ಟಿಕ್ ಕುರ್ಚಿ, ನೀವಿಬ್ಬರು ಆಡುವ ಮಾತನ್ನು ಮೂಲೆಯಲ್ಲಿ ಕುಳಿತು ಬರೆದುಕೊಳ್ಳುವ ಒಬ್ಬರು. ಅಂಥ ಕೋಣೆಗಳನ್ನು ನಾನು ನೋಡಿದ್ದೇನೆ.

ನಿನ್ನಮ್ಮನಿಗೆ ನಾನೇ ತಿಳಿಸಿ ಹೇಳುತ್ತೇನೆ, ಅದು ನನಗಿರಲಿ. ನೀನು ವೀಸಾ ಮುಗಿಯುವ ದಿನಾಂಕವನ್ನು ಇವತ್ತೇ ಬರೆದು ಕಳುಹಿಸು, ಈ ವಾರದಲ್ಲೇ ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣು. ಅವಳಿಗೆ ಪತ್ರ ಕೇಳುವಾಗ ಹಳೆಯದೇನನ್ನೂ ಎತ್ತಬೇಡ.

ಇಂತಿ,
ನಿನ್ನ ದೊಡ್ಡಮ್ಮ