ಏಳನೇ ಹೋಲಿನಲ್ಲಿ ಗಾಳಿ ಇತ್ತು, ಮಗಳೇ

ಪುಟ್ಟಿ,

ಅವತ್ತು ಸಂಜೆ ನೀನು "ಹೇಗಿತ್ತಪ್ಪಾ?" ಅಂತ ಕೇಳಿದೆ. "ಚೆನ್ನಾಗಿತ್ತು" ಅಂತಷ್ಟೇ ಹೇಳಿ ಮಲಗಿಬಿಟ್ಟೆ. 600 ಡಾಲರಿಗೂ ಜಾಸ್ತಿ ಕೊಟ್ಟು, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ ಅಪ್ಪನನ್ನು ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಗಾಲ್ಫ್ ಮೈದಾನದಲ್ಲಿ ಆಡಿಸಿದ ಮಗಳಿಗೆ ಆ ಒಂದು ಮಾತು ಸಾಲದು. ಬೆಂಗಳೂರಿಗೆ ಬಂದು ಎರಡು ವಾರವಾಯಿತು. ಈಗ ಕೂತು ಬರೆಯುತ್ತಿದ್ದೇನೆ. ನಿನಗೆ ಆಫೀಸ್ ಕೆಲಸ ಬಂದು ಜೊತೆಗೆ ಬರಲಾಗಲಿಲ್ಲವಲ್ಲ, ಪೂರ್ತಿ ಕೇಳು.

ಚೆಂಡನ್ನು ಒಂದೊಂದೇ ಕುಳಿಗೆ ಸೇರಿಸುತ್ತಾ ಹೋಗುವ ಹದಿನೆಂಟು ಹೋಲುಗಳಲ್ಲಿ ಮೊದಲಿನವುಗಳಲ್ಲಿ ಸಮುದ್ರ ಅಷ್ಟಾಗಿ ಸಿಗುವುದಿಲ್ಲ. ನಾಲ್ಕನೆಯದಕ್ಕೆ ಬಂದಾಗ ಬಲಗಡೆ ಇಡೀ ಕಾರ್ಮೆಲ್ ಕೊಲ್ಲಿ ಕಾಣಿಸಿತು. ನಾನು ಹೊಡೆಯುವುದನ್ನು ಬಿಟ್ಟು ನಿಂತೆ. ಆ ದಡವನ್ನು ಸೈಟು ಮಾಡಿ ಮಾರುವ ಯೋಚನೆ ಮೊದಲಿತ್ತಂತೆ. ಸ್ಯಾಮ್ಯುಯೆಲ್ ಮೋರ್ಸ್ ಅನ್ನುವವರು ಅದನ್ನು ಗಾಲ್ಫಿಗೆ ಉಳಿಸಿದರು. ಜಾಕ್ ನೆವಿಲ್, ಡಗ್ಲಾಸ್ ಗ್ರಾಂಟ್ ಎಂಬ ಇಬ್ಬರು ಹವ್ಯಾಸಿ ಆಟಗಾರರು ಹೋಲುಗಳನ್ನು ಗುರುತಿಸಿದರು. 1919ರಲ್ಲಿ ಆಟ ಶುರುವಾಯಿತು. ಸೈಟಿನ ಆಸೆ ಏನು ಮಾಡುತ್ತದೆ ಅಂತ ನಮ್ಮ ಊರಿನ ಕೆರೆಗಳಲ್ಲಿ ನೋಡಿದವನು ನಾನು. ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಏಳನೆಯದು ಬರೀ ನೂರು ಗಜದಷ್ಟು. ಎತ್ತರದಿಂದ ಕೆಳಗೆ ಹೊಡೆಯಬೇಕು. ಕುಳಿ ಇರುವ ಹುಲ್ಲಿನ ಗ್ರೀನ್ ಅಂಗೈಯಷ್ಟು, ಸುತ್ತ ಮರಳಿನ ಬಂಕರ್, ಅದರಾಚೆ ಅಲೆ. ಗಾಳಿ ಇಲ್ಲದ ದಿನ ವೆಜ್ ಅನ್ನುವ ಕ್ಲಬ್, ಅಂದರೆ ಹತ್ತಿರಕ್ಕೆ ಹೊಡೆಯುವ ಕೋಲು, ಸಾಕು. ಅವತ್ತು ಗಾಳಿ ಎದುರಿಗೇ ಬೀಸುತ್ತಿತ್ತು. ನನ್ನ ಬ್ಯಾಗ್ ಹೊರುತ್ತಿದ್ದ ಕ್ಯಾಡಿ ಸುಮ್ನೆ ಅದರಿಂದ 7 ಐರನ್ ತೆಗೆದು ಕೊಟ್ಟ, ಇನ್ನೂ ದೂರಕ್ಕೆ ಹೊಡೆಯುವ ಕ್ಲಬ್. ನಂಬಲಾಗಲಿಲ್ಲ, ಆದರೂ ಹೊಡೆದೆ. ಚೆಂಡು ನೆಟ್ಟಗೆ ಹೋಗಿ ಗಾಳಿಯಲ್ಲಿ ನಿಂತೇಬಿಟ್ಟಿತು ಅನಿಸಿತು. ಆಮೇಲೆ ಬಂಕರಿಗೆ ಬಿತ್ತು. ಅಲ್ಲಿಂದ ತೆಗೆದು, ಗ್ರೀನಿನ ಮೇಲೆ ಮೆಲ್ಲಗೆ ತಳ್ಳುವ ಎರಡು ಪಟ್ ಹಾಕಿ, ನಾಲ್ಕು ಹೊಡೆತಕ್ಕೆ ಮುಗಿಸಿದೆ. ಎಂಟನೆಯದರಲ್ಲಿ ಬಂಡೆಗಳ ನಡುವಿನ ಕಮರಿಯನ್ನು ದಾಟಿಸಬೇಕು. ಅಲ್ಲಿ ಎರಡು ಚೆಂಡು ಸಮುದ್ರಕ್ಕೆ ಹೋದವು. ಹದಿನೆಂಟನೆಯದರ ಉದ್ದಕ್ಕೂ ಎಡಗಡೆ ನೀರು, ಗ್ರೀನಿನವರೆಗೂ. ಸಂಜೆ ಬಿಸಿಲಿನಲ್ಲಿ ಅಲ್ಲಿ ನಡೆದದ್ದನ್ನು ಹೇಗೆ ಬರೆಯಲಿ?

ಆದರೆ ನನ್ನ ಮನಸ್ಸು ಏಳನೆಯದರಲ್ಲೇ ಉಳಿಯಿತು. 7 ಐರನ್ ನಿನ್ನ ಕ್ಲಬ್ ಅಲ್ವಾ? ಭಾನುವಾರ ಬೆಳಿಗ್ಗೆ ನನ್ನ ಹಿಂದೆ ಬಂದು, ಎಲ್ಲದಕ್ಕೂ ಅದನ್ನೇ ಹಿಡಿಯುತ್ತಿದ್ದೆ. ಹತ್ತನೇ ಕ್ಲಾಸಿಗೆ ಬಂದಾಗ ನಾನೇ ಬಿಡಿಸಿದೆ. "ಪರೀಕ್ಷೆ ಮುಗೀಲಿ" ಅಂದೆ. ಪರೀಕ್ಷೆ ಮುಗಿಯಿತು, ಆಮೇಲೆ ಪಿಯುಸಿ, ಆಮೇಲೆ ಇಂಜಿನಿಯರಿಂಗ್. ನಾನು ಮತ್ತೆ ಕರೆಯಲೇ ಇಲ್ಲ.

2021ರ ಆಗಸ್ಟಿನಲ್ಲಿ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದೆವಲ್ಲ, ನೆನಪಿದೆಯಾ? ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನ ಗಾಲ್ಫಿನಲ್ಲಿ ಪದಕದ ಹತ್ತಿರ ಬಂದು ನಾಲ್ಕನೆಯವಳಾದಳು. ಬ್ಯಾಗ್ ಹೊತ್ತದ್ದು ಅವಳ ಅಮ್ಮ. ಅದಕ್ಕೂ ಹಿಂದಿನ ರಿಯೋ ಒಲಿಂಪಿಕ್ಸಿನಲ್ಲಿ ಅವಳ ಅಪ್ಪ ಹೊತ್ತಿದ್ದರು. ನೀನು ಅವತ್ತು ಮೆಲ್ಲಗೆ "ನಾನೂ ಆಡ್ತಿದ್ದೆ ಅಲ್ವಾಪ್ಪಾ" ಅಂದೆ. ನಾನು ಕಾಫಿ ತರಲು ಎದ್ದು ಹೋದೆ. ಆ ಮಾತಿಗೆ ಉತ್ತರ ಕೊಡಬೇಕಿತ್ತು. ತಪ್ಪು ನನ್ನದು, ಪುಟ್ಟಿ. ನಿನಗೆ ಇಷ್ಟವಾಗಿದ್ದನ್ನು ನಾನು ಕಸಿದುಕೊಂಡೆ.

ನಿನ್ನ ಕ್ಲಬ್ಬುಗಳು ಅಟ್ಟದ ಮೇಲಿದ್ದವು. ಅಮ್ಮ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದಳು. 7 ಐರನ್ನಿನ ಗ್ರಿಪ್ ಒಣಗಿ ಬಿರುಕು ಬಿಟ್ಟಿತ್ತು. ನಿನ್ನೆ ಹೊಸದು ಹಾಕಿಸಿಕೊಂಡು ಬಂದೆ. ಡಿಸೆಂಬರಿನಲ್ಲಿ ಬಂದಾಗ ಒಂದು ಬೆಳಿಗ್ಗೆ ನನಗೆ ಕೊಡು. ಬ್ಯಾಗ್ ನಾನು ಹೊರುತ್ತೇನೆ.

ಪ್ರೀತಿಯಿಂದ,
ಅಪ್ಪ